ನಿರ್ಧಾರ ಸರಿಯಿದ್ದರೂ ದೊಡ್ಡ ದೊಡ್ಡ ಪದ ಹಾಕಲೇಬೇಕಾ?

ಪ್ರಶ್ನೆ:
ನಮ್ಮ ಆ್ಯಪ್‌ನ ಹೊಸ ಆವೃತ್ತಿಯನ್ನು ಮೂರು ವಾರ ಮುಂದೂಡಿದ್ದೇನೆ. ನಿರ್ಧಾರ ನನ್ನದೇ. ಟೆಸ್ಟ್ ಮಾಡುವಾಗ ರೀಫಂಡ್ ಬಟನ್ ಎರಡು ಸಲ ಒತ್ತಿದರೆ ಹಣವೂ ಎರಡು ಸಲ ಹೋಗುತ್ತಿತ್ತು. ಮೇಲಿನವರಿಗೆ ಹಾಗೇ ಬರೆದಿದ್ದೆ. ಮ್ಯಾನೇಜರ್ ಓದಿ, ‘ಸ್ವಲ್ಪ ತೂಕ ಬರಲಿ’ ಎಂದು ತಿದ್ದಿಕೊಟ್ಟರು. ಈಗ ಅದು ಹೀಗಿದೆ: ‘ಸ್ಟೇಕ್‌ಹೋಲ್ಡರ್ ಅಲೈನ್‌ಮೆಂಟ್ ದೃಷ್ಟಿಯಿಂದ ರೋಡ್‌ಮ್ಯಾಪ್ ರೀಕ್ಯಾಲಿಬ್ರೇಟ್ ಮಾಡಲಾಗಿದೆ.’ ನಾಲ್ಕು ಸಲ ಓದಿದೆ. ರೀಫಂಡ್ ಮಾತೇ ಇಲ್ಲ. ಮುಂದೂಡಿದ್ದು ಯಾರು ಅನ್ನುವುದೂ ಇಲ್ಲ. ಕಳಿಸಲು ಮನಸ್ಸು ಬರುತ್ತಿಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಉತ್ತರ 1:
ಕಳಿಸಿಬಿಡಿ. ಮೇಲಿನವರಿಗೆ ಆ ಭಾಷೆಯೇ ರೂಢಿ. ಸುಮ್ನೆ ಮ್ಯಾನೇಜರ್‌ನ ಯಾಕೆ ಎದುರು ಹಾಕಿಕೊಳ್ಳುತ್ತೀರಿ?

ಉತ್ತರ 2:
ದಯವಿಟ್ಟು ಕಳಿಸಬೇಡಿ. ಹಾಗೆ ಕಳಿಸಿ ನಾನು ಪೇಚಿಗೆ ಸಿಕ್ಕಿದ್ದೇನೆ. ಸರ್ವರ್ ಬದಲಾಯಿಸುವ ಕೆಲಸ ನಿಲ್ಲಿಸಿದಾಗ ‘ತಂಡದ ಬ್ಯಾಂಡ್‌ವಿಡ್ತ್ ಆಪ್ಟಿಮೈಸ್ ಮಾಡಲು’ ಎಂದು ಬರೆದಿದ್ದೆ, ಅಂದರೆ ಜನರಿಗೆ ಬಿಡುವಿಲ್ಲ ಅಂತ. ನಿಜವಾದ ಕಾರಣ ಬೇರೆ. ಬ್ಯಾಕಪ್‌ನಿಂದ ಫೈಲ್‌ಗಳು ವಾಪಸ್ ಬರುತ್ತಿರಲಿಲ್ಲ. ಆರು ತಿಂಗಳಾದ ಮೇಲೆ ಇನ್ನೊಬ್ಬರು ‘ಈಗ ಜನ ಬಿಡುವಾಗಿದ್ದಾರಲ್ವಾ’ ಎಂದು ಅದೇ ಕೆಲಸ ಶುರು ಮಾಡಿದರು. ಎರಡು ದಿನದ ಡೇಟಾ ಹೋಯಿತು. ಕೇಳಿದರೆ ನನ್ನ ಮೇಲ್ ತೆಗೆದು ತೋರಿಸಿದರು. ಅವರದೇನೂ ತಪ್ಪಿರಲಿಲ್ಲ. ನಾನು ಕೊಟ್ಟ ಕಾರಣವನ್ನು ಅವರು ನಂಬಿದ್ದರು, ಅಷ್ಟೇ.

ಹಾಗಂತ ಆಫೀಸಿನ ಪದಗಳೆಲ್ಲ ಕೆಟ್ಟವು ಅಂತಲ್ಲ. ‘ಟೆಕ್ನಿಕಲ್ ಡೆಟ್’ (ತಾಂತ್ರಿಕ ಸಾಲ) ನೋಡಿ. ಅಮೆರಿಕದ ಪ್ರೋಗ್ರಾಮರ್ ವಾರ್ಡ್ ಕನ್ನಿಂಗ್‌ಹ್ಯಾಮ್ ಹಣಕಾಸಿನ ಸಾಫ್ಟ್‌ವೇರ್ ಬರೆಯುತ್ತಿದ್ದರು. ಬರೆದ ಕೋಡನ್ನೇ ಮತ್ತೆ ಯಾಕೆ ತಿದ್ದುತ್ತೇವೆ ಎಂದು ಬಾಸ್‌ಗೆ ತಿಳಿಸಲು ಸಾಲದ ಹೋಲಿಕೆ ಕೊಟ್ಟರು. 1992ರಲ್ಲಿ ಅದನ್ನು ಬರೆದೂ ಇಟ್ಟರು. ಅವಸರದ ಕೋಡ್ ಸಾಲ ಇದ್ದ ಹಾಗೆ, ತೀರಿಸದಿದ್ದರೆ ಬಡ್ಡಿ ಬೆಳೆಯುತ್ತದೆ. ಆ ಪದ ಕೇಳಿದರೆ ಕೆಲಸ ಕಣ್ಣಿಗೆ ಕಾಣುತ್ತದೆ. ‘ರೀಕ್ಯಾಲಿಬ್ರೇಟ್’ ಅಂದರೆ ನಿಮಗೇನು ಕಾಣುತ್ತದೆ ಹೇಳಿ?

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: ‘ರೀಫಂಡ್ ಎರಡು ಸಲ ಹೋಗುತ್ತಿದೆ. ಸರಿ ಮಾಡಲು ಮೂರು ವಾರ ಬೇಕು. ಬಿಡುಗಡೆ ಮುಂದೂಡಿದ್ದು ನಾನು.’

ಉತ್ತರ 3 (ಪ್ರಶ್ನೆ ಕೇಳಿದವರು):
ಮ್ಯಾನೇಜರ್ ಹತ್ತಿರ ಕೂತು ನಿಮ್ಮ ಬ್ಯಾಕಪ್ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಮೂರು ಸಾಲನ್ನೇ ಮೇಲೆ ಹಾಕಲು ಒಪ್ಪಿದರು. ‘ರೋಡ್‌ಮ್ಯಾಪ್’ ಮಾತ್ರ ಕೊನೆಯಲ್ಲಿ ಉಳಿಯಿತು, ಇರಲಿ. ಸಂಜೆಯೊಳಗೆ ಅಕೌಂಟ್ಸ್‌ನವರ ಫೋನ್ ಬಂತು. ಈಗ ಜನರ ಕೈಲಿರುವ ಹಳೆಯ ಆವೃತ್ತಿಯಲ್ಲೂ ಹೀಗೇ ಆಗುತ್ತಿದೆಯಾ ಎಂದು ಕೇಳಿದರು. ಅದು ನನಗೆ ಹೊಳೆದೇ ಇರಲಿಲ್ಲ. ಈಗ ಅದನ್ನೇ ನೋಡುತ್ತಾ ಕೂತಿದ್ದೇನೆ.