ಕಾಸ್ಟಿಕ್ ಸೋಡಾ ಟೈಟ್ರೇಶನ್: 10.0 ಬರಬೇಕಾದಲ್ಲಿ 11ರ ಸುತ್ತ ಯಾಕೆ?

ಪ್ರಶ್ನೆ (ಹಾವೇರಿ)
ಪಿಯು ಮೊದಲ ವರ್ಷದ ಪ್ರಾಕ್ಟಿಕಲ್ ರೀ, ಟೈಟ್ರೇಶನ್, ಅಂದ್ರ ಆಮ್ಲ ಮುಗಿಸಲಿಕ್ಕೆ ಸೋಡಾ ದ್ರಾವಣ ಎಷ್ಟು ಬೇಕಂತ ಅಳೆಯೋದು. 1 ಗ್ರಾಂ ಕಾಸ್ಟಿಕ್ ಸೋಡಾ (ಸೋಡಿಯಂ ಹೈಡ್ರಾಕ್ಸೈಡ್) ತೂಗಿ 250 ಮಿ.ಲೀ. ದ್ರಾವಣ ಮಾಡಿ ಬ್ಯೂರೆಟ್‌ಗೆ (ಕೆಳಗೆ ತಿರುಪು ಇರೋ ಅಳತೆ ನಳಿಗೆ) ತುಂಬಿದ್ವಿ. ಫ್ಲಾಸ್ಕಿನಾಗ 10 ಮಿ.ಲೀ. 0.05 ಮೋಲಾರ್ ಆಕ್ಸಾಲಿಕ್ ಆಮ್ಲ, ಫಿನಾಲ್ಫ್ಥಲೀನ್ (ಆಮ್ಲ ಮುಗಿದಾಗ ಗುಲಾಬಿ ಆಗೋ ಸೂಚಕ) ಎರಡು ಹನಿ. ಲೆಕ್ಕದ ಪ್ರಕಾರ ಸೋಡಾ ದ್ರಾವಣ 10.0 ಮಿ.ಲೀ. ಬರಬೇಕು, ಬಂದಿದ್ದು 11.3, 10.8, 11.0. ಒಂದಕ್ಕೊಂದು ಕೂಡವಲ್ದು. ಗುಲಾಬಿ ಬಣ್ಣನೂ ರೀಡಿಂಗ್ ಬರೆಯೋದ್ರಾಗ ಮಾಯ. ಸೋಡಾ ಬಾಟಲಿ ತಳದಾಗ ಬಿಳಿ ಗಷ್ಟು ಕೂತೈತಿ. ಎಲ್ಲಿ ತಪ್ಪೈತಿ?

ಉತ್ತರ (ಧಾರವಾಡ)
ಇಲ್ಲಿ ಎರಡು ತೊಂದರೆ ಅದಾವು, ಕೂಡಿಸಿ ನೋಡಬ್ಯಾಡ್ರಿ. ರೀಡಿಂಗ್ ಹೆಚ್ಚು ಬರೋದು ಬೇರೆ, ಚದುರೋದು ಬೇರೆ.

ಚದುರೋದು ಕೈಯ ಕೆಲಸ. ಮೊದಲ ಸಲ ಸುಮ್ಮನೆ ಅಂದಾಜಿಗೆ ಮಾಡ್ರಿ, ಅದನ್ನ ಸರಾಸರಿಗೆ ಸೇರಿಸಬ್ಯಾಡ್ರಿ. ಎರಡನೇ ಸಲ ಅಂದಾಜಿಗಿಂತ 1 ಮಿ.ಲೀ. ಮೊದಲೇ ನಿಲ್ಲಿಸಿ, ಅಲ್ಲಿಂದ ಹನಿ ಹನಿ ಬಿಡ್ರಿ, ಪ್ರತಿ ಹನಿಗೂ ಫ್ಲಾಸ್ಕ್ ತಿರುಗಿಸ್ರಿ. ಕೆಳಗೆ ಬಿಳಿ ಕಾಗದ ಇರಲಿ. ತೆಳು ಗುಲಾಬಿ 30 ಸೆಕೆಂಡ್ ನಿಂತರೆ ಅದೇ ಎಂಡ್ ಪಾಯಿಂಟ್, ಅಂದ್ರ ನಿಲ್ಲಿಸೋ ಜಾಗ. ಆಮೇಲೆ ಮಾಸಿದರೆ ಚಿಂತಿಲ್ಲ, ಗಾಳಿಯ ಕಾರ್ಬನ್ ಡೈಆಕ್ಸೈಡ್ ಕರಗಿ ಬಣ್ಣ ತೆಗೀತದ. ಮಾಸಿತಂತ ಮತ್ತೆ ಹನಿ ಹಾಕ್ತಾ ಹೋದ್ರೆ 11.3 ಬರ್ತದ.

ಬ್ಯೂರೆಟ್‌ನ ಮೇಲಿನ ಆಲಿಕಿ ತೆಗೆದಿದ್ರೋ? ಅದರಿಂದ ಒಂದು ಹನಿ ಜಾರಿದ್ರೂ ರೀಡಿಂಗ್ ಕೆಡ್ತದ. ತಿರುಪಿನ ಕೆಳಗೆ ಗಾಳಿಗುಳ್ಳೆ ನಿಂತಿರಬಾರದು. ಆಮ್ಲ ಅಳೆದು ಹಾಕೋ ಪಿಪೆಟ್ ತುದಿಯಾಗ ಉಳಿಯೋ ಹನಿ ಊದಬ್ಯಾಡ್ರಿ. ಕೋನಿಕಲ್ ಫ್ಲಾಸ್ಕನ್ನ ಆಮ್ಲದಿಂದ ತೊಳೆಯೋ ತಪ್ಪು ಬಹಳ ಮಂದಿ ಮಾಡ್ತಾರ. ಬ್ಯೂರೆಟ್, ಪಿಪೆಟ್ ಮಾತ್ರ ಆಯಾ ದ್ರಾವಣದಿಂದ, ಫ್ಲಾಸ್ಕ್ ಬರೀ ಡಿಸ್ಟಿಲ್ಡ್ ನೀರಿನಿಂದ.

ಉತ್ತರ (ಹುಬ್ಬಳ್ಳಿ)
ಹೆಚ್ಚು ಬರೋದು ತಪ್ಪೇ ಅಲ್ಲ. ಕಾಸ್ಟಿಕ್ ಸೋಡಾದ ಬಿಲ್ಲೆ ತಕ್ಕಡಿ ಮ್ಯಾಲೆ ಇದ್ದಾಗಲೇ ನೀರು ಎಳ್ಕೊಂಡು ಒದ್ದೆ ಆಗ್ತದ. ನೀವು ತೂಗಿದ 1 ಗ್ರಾಂನಾಗ ಸೋಡಾ ಅಷ್ಟು ಇರೋದೇ ಇಲ್ಲ. ನಂಬಬೇಕಾದ್ದು ಆಕ್ಸಾಲಿಕ್ ಆಮ್ಲದ ತೂಕ: ಎರಡು ನೀರಿನ ಅಣು ಸೇರಿ ಮೋಲಾರ್ ತೂಕ 126, 250 ಮಿ.ಲೀ.ಗೆ 1.576 ಗ್ರಾಂ. ಒಂದು ಆಮ್ಲದ ಅಣುವಿಗೆ ಎರಡು ಸೋಡಾ ಬೇಕಾದ್ದರಿಂದ, ರೀಡಿಂಗ್ 10.8 ಇದ್ರೆ ಸೋಡಾ = 2 × 0.05 × 10 ÷ 10.8 = 0.0926 ಮೋಲಾರ್. ಇದನ್ನೇ ಬರೀರಿ. ಹತ್ತು ತರಬೇಕಂತ ತಿದ್ದೋದು ಪ್ರಯೋಗ ಅಲ್ಲ.

ಉತ್ತರ (ಗದಗ)
ಆ ಬಿಳಿ ಗಷ್ಟಿನ ಬಗ್ಗೆ ಯಾರೂ ಹೇಳಲಿಲ್ಲ. ಸೋಡಾ ಬೋರಿನ ಸವಳು ನೀರಿನಾಗ ಕರಗಿಸಿದ್ರೆ ಹಿಂಗ ಆಗ್ತದ. ನೀರಿನ ಬೈಕಾರ್ಬೊನೇಟ್ ಸೋಡಾ ತಿಂದು ಕಾರ್ಬೊನೇಟ್ ಆಗ್ತದ, ಕ್ಯಾಲ್ಸಿಯಂ ಜೊತೆ ಸೇರಿ ತಳಕ್ಕಿಳೀತದ. ಮೆಗ್ನೀಸಿಯಂ ಕೂಡ ಹೈಡ್ರಾಕ್ಸೈಡ್ ಆಗಿ ಕೂಡ್ತದ. ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಾಗ ಲೀಟರಿಗೆ 400 ಮಿ.ಗ್ರಾಂ ಕ್ಷಾರತೆ (ಆ ಬೈಕಾರ್ಬೊನೇಟಿನ ಅಳತೆ) ಇದ್ದು, ಅಷ್ಟೂ ಗಷ್ಟಾದ್ರೆ ಸೋಡಾದ 8 ಶೇಕಡಾ ಹೋತು. ಡಿಸ್ಟಿಲ್ಡ್ ನೀರು ಕುದಿಸಿ ಆರಿಸಿ ಬಳಸ್ರಿ, ರಬ್ಬರ್ ಬಿರಡೆಯ ಪ್ಲಾಸ್ಟಿಕ್ ಬಾಟಲಿಯಾಗ ಇಡ್ರಿ.

ಪ್ರಶ್ನೆ ಕೇಳಿದವರು
ಹೌದ್ರಿ, ಬೋರ್ ನೀರೇ. ಇನ್ನೊಂದು, ಫಿನಾಲ್ಫ್ಥಲೀನ್ ಮುಗೀಲಿಕ್ಕೆ ಬಂದೈತಿ. ಅದರ ಬದಲು ಮೀಥೈಲ್ ಆರೆಂಜ್ ಸೂಚಕ ನಡೀತೈತೇನ್ರಿ?

ಉತ್ತರ (ಧಾರವಾಡ)
ನಡೆಯಂಗಿಲ್ಲ. ಅದು ಪಿಎಚ್ (ಆಮ್ಲ-ಕ್ಷಾರದ ಅಳತೆ) 3.1ರಿಂದ 4.4ರೊಳಗೆ ಬಣ್ಣ ಬದಲಿಸ್ತದ. ಆಕ್ಸಾಲಿಕ್ ಆಮ್ಲದ ಎರಡನೇ ಹೈಡ್ರೋಜನ್ ಆಗ ಇನ್ನೂ ಅರ್ಧ ಉಳಿದಿರ್ತದ, ನಿಜವಾದ ಕೊನೆ 8ರ ಮೇಲೆ. ಅರಿಸಿನ ಸ್ಪಿರಿಟ್‌ನಾಗ ಕದಡಿ ಸೋಸಿದ್ರೆ ಅದು ಸುಮಾರು 7.4ರಿಂದ 8.6ರೊಳಗೆ ಹಳದಿಯಿಂದ ಕೆಂಪಿಗೆ ತಿರುಗ್ತದ, ಸುಣ್ಣ ಹಾಕಿ ಕುಂಕುಮ ಮಾಡೋ ಹಂಗ. ಆದ್ರೆ ಹಳದಿ ಮ್ಯಾಲೆ ಕೆಂಪು ಹಿಡಿಯೋದು ಕಷ್ಟ, ಮಕ್ಕಳಿಗೆ ತೋರಿಸಲಿಕ್ಕೆ ಸಾಕು, ಅಂಕದ ಪ್ರಯೋಗಕ್ಕೆ ಬ್ಯಾಡ. ಕೆಲಸ ಮುಗಿದ ಕೂಡಲೇ ಬ್ಯೂರೆಟ್ ತೊಳೀರಿ, ಇಲ್ಲಾಂದ್ರೆ ಗಾಜಿನ ತಿರುಪು ಸೋಡಾಕ್ಕೆ ಅಂಟಿಕೊಂಡು ಮರುದಿನ ತಿರುಗಂಗಿಲ್ಲ.