ನಿಕರಾಗುವಾದ ಲಿಯೋನ್ ನಗರದಲ್ಲಿ ನಾಲ್ಕು ದಿನ: ನೋಡುವುದೇನು, ಉಣ್ಣುವುದೇನು, ರಾತ್ರಿ ಹೋಗುವುದೆಲ್ಲಿಗೆ?

ತುಂಗಾತೀರ ಅವರ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾವು ಶಿವಮೊಗ್ಗದ ಕಡೆಯವರು, ಹನ್ನೆರಡು ವರ್ಷಗಳಿಂದ ಹೂಸ್ಟನ್‌ನಲ್ಲಿ ನೆಲೆಸಿದ್ದೇವೆ. ನಮ್ಮ ಮಗಳು ಸ್ಪ್ಯಾನಿಷ್ ಕಲಿಯಲೆಂದು ನಿಕರಾಗುವಾದ ಲಿಯೋನ್‌ಗೆ ಹೋಗಿ, ಅಲ್ಲಿಯ ಒಂದು ಕುಟುಂಬದವರ ಮನೆಯಲ್ಲಿ ಉಳಿದುಕೊಂಡಿದ್ದಾಳೆ. ಮಾರ್ಚ್ ಎರಡನೆಯ ವಾರದಲ್ಲಿ ನಾನು, ನಮ್ಮ ಯಜಮಾನರು ಮತ್ತು ಅರವತ್ತೆಂಟು ವರ್ಷದ ಅತ್ತೆಯವರು ಅವಳನ್ನು ನೋಡಲು ನಾಲ್ಕು ರಾತ್ರಿಗಳ ಮಟ್ಟಿಗೆ ಹೋಗುತ್ತಿದ್ದೇವೆ. ಅತ್ತೆಯವರು ಮೊಟ್ಟೆಯನ್ನೂ ಮುಟ್ಟುವವರಲ್ಲ.

ಲಿಯೋನ್ ಬಗ್ಗೆ ನಾನು ಓದಿದ ಬರಹಗಳೆಲ್ಲ ಜ್ವಾಲಾಮುಖಿಯ ನೆತ್ತಿಯಿಂದ ಹಲಗೆಯ ಮೇಲೆ ಜಾರುವ ಆಟವೊಂದನ್ನೇ ಹೊಗಳುತ್ತವೆ. ಮಗಳನ್ನು ಕೇಳಿದರೆ, "ಅಮ್ಮ, ಈ ಊರು ನಿಜವಾಗಿ ಏಳುವುದೇ ಸಂಜೆ ಐದರ ಮೇಲೆ" ಎನ್ನುತ್ತಾಳೆ. ವಿದ್ಯಾರ್ಥಿಗಳ ಊರಿನ ರಾತ್ರಿಯೆಂದರೆ ಬರೀ ಬಾರುಗಳೇ ಆಗಿರಬಹುದೆಂಬ ಅಳುಕು ನನಗಿದೆ. ಅಲ್ಲಿ ಕೆಲವು ದಿನ ಇದ್ದು ಬಂದವರು ದಯವಿಟ್ಟು ತಿಳಿಸಿ.

ಅಲೆಮಾರಿ ಮೇಷ್ಟ್ರು

ನಿಮ್ಮ ಮಗಳು ಹೇಳಿದ್ದು ಸರಿಯಾಗಿದೆ. ನಾನು ಆ ಊರಿನಲ್ಲಿ ಐದು ವಾರ ಇದ್ದೆ. ಮೊದಲ ವಾರವನ್ನು ಉರಿಬಿಸಿಲಿನಲ್ಲಿ ಅಲೆದು ಹಾಳುಮಾಡಿಕೊಂಡ ಮೇಲೆ ಬುದ್ಧಿ ಬಂತು. ಮಾರ್ಚ್ ಅಲ್ಲಿ ಒಣ ಬೇಸಿಗೆಯ ಕಾಲ, ಲಿಯೋನ್ ಆ ದೇಶದ ಅತಿ ಸೆಕೆಯ ಊರುಗಳಲ್ಲಿ ಒಂದು. ಬೆಳಿಗ್ಗೆ ಹನ್ನೊಂದರಿಂದ ನಾಲ್ಕರವರೆಗಿನ ಹೊತ್ತನ್ನು ಊರಿನವರಂತೆ ನೀವೂ ಮನೆಯೊಳಗಿನ ತೂಗುಮಂಚಕ್ಕೆ ಬಿಟ್ಟುಕೊಡಿ.

ಮೊದಲ ಬೆಳಿಗ್ಗೆಯೇ ಕೆಥೆಡ್ರಲ್‌ಗೆ ಹೋಗಿ. 1747ರಲ್ಲಿ ಆರಂಭವಾಗಿ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದವರೆಗೂ ನಡೆದ ಕಟ್ಟಡವಿದು; 2011ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಟಿಕೆಟ್ ಕೊಂಡು ಮಾಳಿಗೆಗೆ ಹತ್ತಬಹುದು. ಅಚ್ಚ ಬಿಳಿಯ ಬಣ್ಣ ಬಳಿದ ಗುಮ್ಮಟಗಳ ನಡುವೆ ಚಪ್ಪಲಿ ಕಳಚಿ ಬರಿಗಾಲಿನಲ್ಲಿ ಓಡಾಡಬೇಕೆಂಬುದು ಅಲ್ಲಿಯ ನಿಯಮವಾದ್ದರಿಂದ ನಿಮ್ಮ ಅತ್ತೆಯವರಿಗೆ ಗುಡಿಯ ನೆನಪಾದರೂ ಆಶ್ಚರ್ಯವಿಲ್ಲ. ಬಾಗಿಲು ತೆರೆದ ಕೂಡಲೇ ಹತ್ತಿದರೆ ಅಂಗಾಲು ಸುಡುವುದಿಲ್ಲ, ಮಾರಿಬಿಯೊಸ್ ಜ್ವಾಲಾಮುಖಿಗಳ ಸಾಲೂ ಸ್ಪಷ್ಟವಾಗಿ ಕಾಣುತ್ತದೆ. ಕೆಳಗೆ, ಸಂತ ಪೌಲನ ಪ್ರತಿಮೆಯ ಪಾದದ ಬಳಿ, ಕವಿ ರುಬೇನ್ ದಾರಿಯೊ ಅವರ ಸಮಾಧಿಯ ಮೇಲೆ ದುಃಖಿಸುತ್ತಿರುವ ಕಲ್ಲಿನ ಸಿಂಹವೊಂದು ಮಲಗಿದೆ. ದಾರಿಯೊ ತೀರಿಕೊಂಡದ್ದು ಇದೇ ಊರಿನಲ್ಲಿ, 1916ರಲ್ಲಿ. ಅವರು ಬಾಲ್ಯ ಕಳೆದ ದೊಡ್ಡಮ್ಮಜ್ಜಿಯ ಮನೆ ಈಗ ವಸ್ತುಸಂಗ್ರಹಾಲಯ. ಮುಂದೆ ಅದೇ ಮನೆಯಲ್ಲಿ ಬಾಳಿದ ಅಲ್ಫೊನ್ಸೊ ಕೊರ್ತೆಸ್ ಎಂಬ ಇನ್ನೊಬ್ಬ ಕವಿಗೆ 1927ರಲ್ಲಿ ಬುದ್ಧಿಭ್ರಮಣೆಯಾಯಿತು. ಅವರನ್ನು ಸರಪಳಿಯಲ್ಲಿ ಕಟ್ಟಿಹಾಕಿದ್ದ ಕೋಣೆಯ ಕಿಟಕಿಯ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ.

ಇನ್ನು ವಿಶ್ವವಿದ್ಯಾಲಯ. 1812ರಲ್ಲಿ ಸ್ಥಾಪನೆಯಾದ ಇದು ಗ್ವಾಟೆಮಾಲಾದ ಸಾನ್ ಕಾರ್ಲೋಸ್ ಬಿಟ್ಟರೆ ಮಧ್ಯ ಅಮೆರಿಕದಲ್ಲಿ ಅತಿ ಹಳೆಯದು. ರೆಕ್ಟರ್ ಮರಿಯಾನೊ ಫಿಯಾಯೊಸ್ ಹಿಲ್ ಅವರ ಕಾಲದಲ್ಲಿ, 1958ರಲ್ಲಿ, ಸ್ವಾಯತ್ತತೆ ಪಡೆಯಿತು. ಮರುವರ್ಷವೇ, ಜುಲೈ 23ರಂದು, ಇದೇ ಊರಿನ ಬೀದಿಯಲ್ಲಿ ಮೆರವಣಿಗೆ ಹೊರಟಿದ್ದ ವಿದ್ಯಾರ್ಥಿಗಳ ಮೇಲೆ ಆಗಿನ ಸರ್ವಾಧಿಕಾರಿ ಸೊಮೋಸಾ ಆಡಳಿತದ ಸೈನಿಕರು ಗುಂಡು ಹಾರಿಸಿ ನಾಲ್ವರನ್ನು ಕೊಂದರು. ಆ ಸಂಗತಿ ಗೊತ್ತಿದ್ದರೆ ಗೋಡೆಗಳ ಮೇಲಿನ ಚಿತ್ರಗಳು ಬೇರೆಯಾಗಿಯೇ ಕಾಣುತ್ತವೆ. ಆದರೆ ಇಂದಿನ ರಾಜಕೀಯವನ್ನು ಅಲ್ಲಿ ಯಾರೊಂದಿಗೂ ಮಾತನಾಡಲು ಹೋಗಬೇಡಿ, ಡ್ರೋನ್ ಅಂತೂ ತೆಗೆದುಕೊಂಡು ಹೋಗಲೇಬೇಡಿ.

ಜ್ವಾಲಾಮುಖಿಯ ವಿಷಯ. ಸೆರೊ ನೆಗ್ರೊ ಹುಟ್ಟಿದ್ದೇ 1850ರಲ್ಲಿ, ಕಡೆಯ ಬಾರಿ ಕಾರಿದ್ದು 1999ರಲ್ಲಿ. ಎತ್ತರ ಹೆಚ್ಚಲ್ಲ, 728 ಮೀಟರ್. ಆದರೆ ಹಲಗೆಯನ್ನು ಹೊತ್ತು, ಕಾಲಿಟ್ಟಲ್ಲಿ ಕುಸಿಯುವ ಕರಿಗಲ್ಲಿನ ಮೇಲೆ ಹೆಚ್ಚುಕಡಿಮೆ ಒಂದು ಗಂಟೆ ಹತ್ತಬೇಕು. ಮಗಳು ಮತ್ತು ಯಜಮಾನರು ಮುಂಜಾನೆಯ ತಂಡದೊಂದಿಗೆ ಹೋಗಿ ಬರಲಿ. ನೀವೂ ಅತ್ತೆಯವರೂ ಆ ಹೊತ್ತಿನಲ್ಲಿ ಓರ್ತಿಸ್ ಗುರ್ದಿಯಾನ್ ಕಲಾಸಂಗ್ರಹಾಲಯ ನೋಡಿ. ಹಳೆಯ ಮನೆಗಳ ಅಂಗಳಗಳ ಸುತ್ತ ಪಿಕಾಸೊ, ಮಿರೊ, ಡಿಯೇಗೊ ರಿವೇರಾ ಅವರ ಕೃತಿಗಳಿವೆ. ನೆರಳೂ ಇದೆ, ಕೂರಲು ಜಾಗವೂ ಇದೆ.

ಹಸಿರುಬಾಳೆ

ಮೇಷ್ಟ್ರು ಊಟದ ಮಾತನ್ನೇ ಎತ್ತಲಿಲ್ಲವಾದ್ದರಿಂದ ಅದನ್ನು ನಾನು ಹೇಳುತ್ತೇನೆ. ಹುಟ್ಟಿನಿಂದ ಸಸ್ಯಾಹಾರಿಯಾದ ನಾನು ಅಲ್ಲಿ ಹಸಿದು ಮಲಗಿದ್ದಿಲ್ಲ. ಗಾಯೊ ಪಿಂತೊ ಎಂದರೆ ಅನ್ನವನ್ನು ಕೆಂಪು ಕಾಳಿನೊಂದಿಗೆ ಈರುಳ್ಳಿ ಹಾಕಿ ಹುರಿದದ್ದು. ಮೂರು ಹೊತ್ತೂ ಸಿಗುತ್ತದೆ. ಜೊತೆಗೆ ಬಾಳೆಕಾಯಿಯನ್ನು ಉದ್ದಕ್ಕೆ ಸೀಳಿ ಕರಿದ ತಾಹಾದಾಸ್, ಮಾಗಿದ ಬಾಳೆಹಣ್ಣಿನ ಮಾದೂರೊ, ಕರಿದ ಗಿಣ್ಣು (ಚೀಸ್), ಎಲೆಕೋಸಿನ ಕೋಸಂಬರಿಯಂಥದ್ದು. ಕೆಥೆಡ್ರಲ್‌ನ ಹಿಂಬದಿಯ ಮಾರುಕಟ್ಟೆಯ ಬಳಿ ಕತ್ತಲಾಗುತ್ತಲೇ ಒಲೆ ಹಚ್ಚುವ ಫ್ರಿತಾಂಗಾ ಗಾಡಿಗಳಲ್ಲಿ ಇವೆಲ್ಲ ಎದುರಿಗೇ ಇರುತ್ತವೆ, ಬೆರಳು ತೋರಿಸಿ ಹಾಕಿಸಿಕೊಂಡರೆ ಸಾಕು.

ಎರಡು ವಿಷಯದಲ್ಲಿ ಎಚ್ಚರವಿರಲಿ. ಕಾಳನ್ನು ಕೆಲವರು ಹಂದಿಯ ಕೊಬ್ಬಿನಲ್ಲಿ ಒಗ್ಗರಿಸುತ್ತಾರೆ, ಆದ್ದರಿಂದ "ಸಿನ್ ಮಾಂತೇಕಾ" ಎಂದು ಕೇಳಿ ಖಚಿತಪಡಿಸಿಕೊಳ್ಳಿ. "ಸಿನ್ ಕಾರ್ನೆ" ಎಂದಷ್ಟೇ ಹೇಳಿದರೆ ಕೋಳಿಯನ್ನು ತಂದಿಡುವ ಸಂಭವವಿದೆ, ಏಕೆಂದರೆ ಅವರ ಮಾತಿನಲ್ಲಿ ಕಾರ್ನೆ ಎಂದರೆ ಮುಖ್ಯವಾಗಿ ದನದ ಮಾಂಸ. ಕೋಳಿ, ಮೀನುಗಳ ಹೆಸರನ್ನೂ ಬಿಡಿಸಿ ಹೇಳಬೇಕು. ಇಂಥ ಖಚಿತತೆ ಗಾಡಿಗಳಲ್ಲಿ ಕಷ್ಟ. ಅತ್ತೆಯವರ ಊಟಕ್ಕೆ ನಿಮ್ಮ ಮಗಳು ಉಳಿದುಕೊಂಡಿರುವ ಮನೆಯವರನ್ನೇ ಕೇಳಿಕೊಳ್ಳುವುದು ಒಳ್ಳೆಯದು.

ಅತ್ತೆಯವರಿಗೆ ಖಂಡಿತ ಒಪ್ಪುವುದು ಕೆಸಿಯೊ. ಬಿಸಿ ಮೆಕ್ಕೆಜೋಳದ ತೊರ್ತಿಯಾ ರೊಟ್ಟಿಯೊಳಗೆ ಎಳೆಯಾದ ಮೆತ್ತನೆಯ ಗಿಣ್ಣು, ಹುಳಿಯಲ್ಲಿ ನೆನೆಸಿದ ಈರುಳ್ಳಿ, ಮೇಲೆ ಧಾರಾಳವಾಗಿ ಕೆನೆ ಮತ್ತು ಉಪ್ಪು. ಎಲ್ಲವನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೊಡುತ್ತಾರೆ. ಇದರ ತವರು ನಾಗರೋತೆ ಮತ್ತು ಲಾ ಪಾಸ್ ಸೆಂತ್ರೊ. ಎರಡೂ ಮನಾಗುವಾದಿಂದ ಲಿಯೋನ್‌ಗೆ ಬರುವ ದಾರಿಯಲ್ಲಿವೆ, ವಿಮಾನ ನಿಲ್ದಾಣದಿಂದ ಬರುವಾಗಲೇ ಗಾಡಿ ನಿಲ್ಲಿಸಿ ತಿನ್ನಿ. ಮಾರ್ಚ್‌ನಲ್ಲಿ ಈಸ್ಟರ್‌ಗೆ ಮುಂಚಿನ ವ್ರತದ ದಿನಗಳು ನಡೆಯುತ್ತಿರುವುದರಿಂದ ಅನೇಕ ಮನೆಗಳಲ್ಲಿ ಗಿಣ್ಣಿನ ಸಾರು ಮಾಡುತ್ತಾರೆ. ಆದರೆ ಅದರಲ್ಲಿ ಮೊಟ್ಟೆ ಬೆರೆಸುವುದುಂಟು, ಕೇಳಿ ತಿನ್ನಿ.

ರಾತ್ರಿಪಾಳಿ

ರಾತ್ರಿಯ ಬಗ್ಗೆ ನನಗನಿಸುವುದೇನೆಂದರೆ, ಲಿಯೋನ್‌ನಲ್ಲಿ ಒಂದೇ ಸಂಜೆಯಲ್ಲಿ ಎರಡು ರಾತ್ರಿಗಳಿವೆ. ಆರರಿಂದ ಒಂಬತ್ತೂವರೆಯವರೆಗಿನದು ಸಂಸಾರಸ್ಥರದು. ಕೆಥೆಡ್ರಲ್ ಮುಂದಿನ ಉದ್ಯಾನದಲ್ಲಿ ಅಜ್ಜಿ, ಮೊಮ್ಮಕ್ಕಳು, ಕೈ ಹಿಡಿದು ನಡೆಯುವ ಕಾಲೇಜು ಜೋಡಿಗಳು, ತುರಿದ ಮಂಜುಗಡ್ಡೆಗೆ ಹಣ್ಣಿನ ಪಾಕ ಸುರಿಯುವ ರಸ್ಪಾದೊ ಗಾಡಿಗಳು. ಕೆಲವು ಸಂಜೆ ಡೋಲಿನ ಸದ್ದಿನೊಂದಿಗೆ ಹಿಗಾಂತೋನಾ ಬರುತ್ತಾಳೆ: ಎರಡಾಳೆತ್ತರದ ಬಿಳಿ ಹೆಣ್ಣಿನ ಗೊಂಬೆಯೊಳಗೆ ಒಬ್ಬ ಕುಣಿಯುತ್ತಾನೆ, ಪಕ್ಕದಲ್ಲಿ ದೊಡ್ಡ ತಲೆಯ ಕುಳ್ಳ ಗೊಂಬೆ, ಮಧ್ಯೆ ಮಧ್ಯೆ ಚೌಪದಿಗಳು. ಮೈಸೂರು ಕಡೆಯ ಗಾರುಡಿ ಗೊಂಬೆ ಕಂಡವರು ಒಮ್ಮೆ ಬೆರಗಾಗಿ ನಿಲ್ಲುವುದು ಖಂಡಿತ. ಅದರ ಮುಖ್ಯ ಕಾಲ ವರ್ಷದ ಕೊನೆ, ಮಾರ್ಚ್‌ನಲ್ಲಿ ಸಿಕ್ಕರೆ ಅದೃಷ್ಟ.

ಹತ್ತರ ಮೇಲಿನದು ವಿದ್ಯಾರ್ಥಿಗಳದು. ಗುರುವಾರದಿಂದ ಶನಿವಾರದವರೆಗೆ ಹಳೆಯ ಮನೆಗಳ ಅಂಗಳದಲ್ಲಿರುವ ಬಾರುಗಳಲ್ಲಿ ಗಿಟಾರಿನ ಹಾಡು, ಸಾಲ್ಸಾ ಕುಣಿತ ನಡೆಯುತ್ತವೆ. ತೋನ್ಯಾ ಮತ್ತು ವಿಕ್ತೋರಿಯಾ ಬಿಯರು, ಹತ್ತಿರದ ಚಿಚಿಗಾಲ್ಪಾದ ಫ್ಲೋರ್ ದೆ ಕಾನ್ಯಾ ರಮ್ಮು ಎಲ್ಲೆಡೆಯೂ ಇವೆ. ನೀವೂ ಯಜಮಾನರೂ ಒಂದು ರಾತ್ರಿಯಾದರೂ ಹೋಗಿ. ಕುಣಿಯಲು ಬಾರದವರನ್ನು ಅಲ್ಲಿ ಯಾರೂ ನಗುವುದಿಲ್ಲ, ಕೈ ಹಿಡಿದು ಎಳೆಯುತ್ತಾರೆ. ಮರಳುವಾಗ ಎರಡು ಬೀದಿಯಾದರೂ ಸರಿ, ಟ್ಯಾಕ್ಸಿ ಹಿಡಿಯಿರಿ.

ಮೇಷ್ಟ್ರ ಮಾತಿಗೆ ಒಂದು ಸೇರ್ಪಡೆ. ನಾಲ್ಕೂ ಸಂಜೆಗಳನ್ನು ಊರಿನಲ್ಲೇ ಕಳೆಯಬೇಡಿ. ಇಪ್ಪತ್ತು ಕಿಲೋಮೀಟರ್ ದೂರದ ಲಾಸ್ ಪೆನ್ಯೀತಾಸ್ ಕಡಲತೀರದಲ್ಲಿ ಸೂರ್ಯ ನೇರವಾಗಿ ಪೆಸಿಫಿಕ್‌ಗೆ ಇಳಿಯುತ್ತಾನೆ. ಅತ್ತೆಯವರನ್ನು ದಡದ ಕುರ್ಚಿಯಲ್ಲಿ ಕೂರಿಸಿ. ಪಕ್ಕದ ಪೊನೆಲೋಯಾದಲ್ಲಿ ಒಳಸೆಳೆತ ಬಲವಾಗಿರುವುದರಿಂದ ನೀರಿಗೆ ಇಳಿಯುವುದು ಬೇಡ.

ತುಂಗಾತೀರ

ಮೂವರಿಗೂ ಕೃತಜ್ಞತೆಗಳು. ಕೆಸಿಯೊ ವರ್ಣನೆ ಓದಿ ಹೇಳಿದಾಗ ಅತ್ತೆಯವರು, "ಕೆನೆ, ಗಿಣ್ಣು ಸರಿ, ಆದರೆ ತಟ್ಟೆ ಬೇರೆ ಇಟ್ಟುಕೊಂಡು ಹೋಗೋಣ" ಎಂದರು. ಒಂದೇ ಅನುಮಾನ ಉಳಿದಿದೆ: ಮಗಳು ಕಳಿಸಿದ ವಿಳಾಸದಲ್ಲಿ ಮನೆಯ ಸಂಖ್ಯೆಯೇ ಇಲ್ಲ.

ಅಲೆಮಾರಿ ಮೇಷ್ಟ್ರು

ಅಲ್ಲಿ ವಿಳಾಸವೆಂದರೆ ಹಾಗೆಯೇ. ಯಾವುದೋ ಇಗರ್ಜಿಯಿಂದ ಇಷ್ಟು ಬೀದಿ ದಕ್ಷಿಣಕ್ಕೆ, ಅರ್ಧ ಬೀದಿ "ಅಬಾಹೊ" ಎಂದು ಬರೆದಿರುತ್ತಾರೆ. ಅಬಾಹೊ ಎಂದರೆ ಕೆಳಗೆ, ಅಂದರೆ ಸೂರ್ಯ ಇಳಿಯುವ ಪಶ್ಚಿಮ. "ಅರ್ರಿಬಾ" ಎಂದರೆ ಮೇಲೆ, ಅಂದರೆ ಪೂರ್ವ. ಚಾಲಕನಿಗೆ ಅದನ್ನೇ ಓದಿ ಹೇಳಿ, ನೇರವಾಗಿ ಬಾಗಿಲಿಗೆ ಬಿಡುತ್ತಾನೆ.