‘ಸ್ಲೋ ಪೌಡರ್’ಗೆ ಏನು ಹೇಳುವುದು? (ಪದಚರ್ಚೆ, ಸ್ವಲ್ಪ ಅರ್ಜೆಂಟ್)

ಪೆರ್ಲದಿಂದ, ಪ್ರಶ್ನೆ:

ನಮಸ್ಕಾರ. ಒಂದು ಮಾಸಪತ್ರಿಕೆಗೆ ಅಮೆರಿಕದ ಬೇಟೆಗಾರನೊಬ್ಬನ ಬರಹ ಅನುವಾದ ಮಾಡುತ್ತಿದ್ದೇನೆ. ನಾಳೆ ಮಧ್ಯಾಹ್ನ ಪುಟ ಪ್ರೆಸ್ಸಿಗೆ ಹೋಗುತ್ತದೆ. ಕಾಡು, ಹಿಮ, ಮೂಸ್ ಎಲ್ಲ ಸಲೀಸಾಗಿ ಬಂತು. ಸಿಕ್ಕಿಹಾಕಿಕೊಂಡದ್ದು ಅವನು ತನ್ನ .300 ವಿಂಚೆಸ್ಟರ್ ಮ್ಯಾಗ್ನಂ ರೈಫಲಿನ ತೋಟೆಗಳನ್ನು (ಕಾರ್ಟ್ರಿಜ್) ಮನೆಯಲ್ಲೇ ಕೂತು ತುಂಬುವ ಭಾಗದಲ್ಲಿ. ಇಷ್ಟು ದೊಡ್ಡ ತೋಟೆಗೆ ‘ಫಾಸ್ಟ್ ಪೌಡರ್’ ಆಗದು, ‘ಸ್ಲೋ ಪೌಡರ್’ ಬೇಕು ಅನ್ನುತ್ತಾನೆ.

‘ನಿಧಾನ ಮದ್ದು’ ಅಂದರೆ ಯಾರಿಗೋ ವಿಷ ಹಾಕಿದ ಹಾಗೆ ಕೇಳುತ್ತದೆ. ‘ಹ್ಯಾಂಡ್‌ಲೋಡಿಂಗ್’ಗೆ ‘ಕೈಮದ್ದು’ ಅಂತ ಹಾಕಿದರೆ ಇನ್ನೂ ಕಷ್ಟ. ನಮ್ಮ ಕಡೆಯ ಓದುಗರು ಕೈವಿಷ ತೆಗೆಸುವವರ ವಿಳಾಸ ಕೇಳಿಯಾರು.

ಇನ್ನೊಂದು. ಅವನ ಪೌಡರುಗಳ ಪಟ್ಟಿಯಲ್ಲಿ ‘ಎಚ್4831’, ‘ಐಎಂಆರ್ 4831’ ಅಂತ ಎರಡು ಹೆಸರಿವೆ. ಅಕ್ಷರ ತೆಗೆದು ಬರೀ 4831 ಇಡೋಣ, ಚೆಂದ ಕಾಣುತ್ತದೆ ಅಂತ ಪುಟ ಕಟ್ಟುವ ಹುಡುಗ ಹೇಳುತ್ತಾನೆ. ಇಡಬಹುದಾ?

ಮಂಜೇಶ್ವರದವರು, ಈಗ ಬೆಂಗಳೂರಿನಿಂದ:

‘ಪೌಡರ್’ ಬೇಡವೇ ಬೇಡ. ‘ಮದ್ದು’ ನಮ್ಮದೇ ಪದ. ಹಳಗನ್ನಡದ ‘ಮರ್ದು’, ತುಳುವಿನ ‘ಮರ್ದ್’, ತಮಿಳಿನ ‘ಮರುಂದು’ ಎಲ್ಲ ಒಂದೇ ಬೇರಿನವು. ಕಿಟೆಲ್ ಕೋಶದಲ್ಲಿ ಔಷಧದ ಜೊತೆಗೆ ಕೋವಿಯ ಮದ್ದೂ ಇದೆ. ಈಗಿನ ಹೊಗೆ ಬಾರದ ಬಗೆಯದಕ್ಕೆ (‘ಸ್ಮೋಕ್‌ಲೆಸ್ ಪೌಡರ್’) ‘ಹೊಗೆಯಿಲಿ ಮದ್ದು’ ಅನ್ನಿ. ಸ್ಲೋ ಅಂದರೆ ‘ಮೆಲ್ಲನೆಯ ಹೊಗೆಯಿಲಿ ಮದ್ದು’. ಮುಗಿಯಿತು.

ಬದಿಯಡ್ಕದಿಂದ:

ಹೊಗೆಯಿಲಿ ಮದ್ದು! ನಮ್ಮ ಪೇಟೆಯಲ್ಲಿ ಕೇಳಿ ನೋಡಿ. ಗೊಬ್ಬರದಂಗಡಿಯವರು ಮಾತಾಡದೆ ಇಲಿ ಪಾಷಾಣದ ಪೊಟ್ಟಣ ತೆಗೆದು ಕೊಡುತ್ತಾರೆ.

ಕಾಸರಗೋಡಿನಿಂದ:

ಹಾಸ್ಯ ಸಾಕು. ಪತ್ರಿಕೆಯ ಭಾಷೆಗೆ ಒಂದು ಘನತೆ ಇರಬೇಕು. ‘ಧೂಮರಹಿತ ಸ್ಫೋಟಕ ಚೂರ್ಣ’, ಅದರಲ್ಲಿ ‘ಮಂದಗತಿ’ ಮತ್ತು ‘ಶೀಘ್ರಗತಿ’ ಎಂದು ಎರಡು ಭೇದ. ನಲವತ್ತು ವರ್ಷ ಪಾಠ ಹೇಳಿದವನ ಮಾತು.

ಮುಳ್ಳೇರಿಯದಿಂದ:

ಮಾಷ್ಟ್ರೇ, ಬೇಜಾರು ಮಾಡಬೇಡಿ. ‘ಚೂರ್ಣ’ವೂ ಸರಿಯಲ್ಲ, ‘ಸ್ಫೋಟಕ’ವೂ ಸರಿಯಲ್ಲ.

ಈಗಿನ ರೈಫಲ್ ಮದ್ದು ಪುಡಿಯೇ ಅಲ್ಲ. ಅಂಗೈ ಮೇಲೆ ಹಾಕಿಕೊಂಡರೆ ಬೂದು ಬಣ್ಣದ ಪುಟ್ಟ ಕಡ್ಡಿ ಚೂರುಗಳು. ಹತ್ತಿರ ಹಿಡಿದು ನೋಡಿದರೆ ಒಂದೊಂದರ ನಡುವೆಯೂ ಸಣ್ಣ ತೂತು. ಕೆಲವು ಮದ್ದು ಉಂಡೆ ಉಂಡೆ, ಕೆಲವು ಚಕ್ಕೆ. ಮೇಲೆ ಗ್ರಾಫೈಟ್ ಸವರಿರುತ್ತಾರೆ. ಒಳಗೆ ಇರುವುದು ನೈಟ್ರೋಸೆಲ್ಯುಲೋಸ್, ಕೆಲವದರಲ್ಲಿ ನೈಟ್ರೋಗ್ಲಿಸರಿನ್ ಕೂಡ. ಫ್ರಾನ್ಸಿನ ಪೌಲ್ ವಿಯೆಯ್ 1884ರಲ್ಲಿ ಇದನ್ನು ಮಾಡಿದ ಮೇಲೆ ಹಳೇ ಮದ್ದಿನ ಕಾಲ ಮುಗಿಯಿತು. ಹಳೇದು ಅಂದರೆ ಪೆಟ್ಲುಪ್ಪು 75, ಇದ್ದಿಲು 15, ಗಂಧಕ 10 ಪಾಲು. ಅದಕ್ಕೆ ‘ಕರಿಮದ್ದು’ ಅನ್ನಿ, ಯಾರಿಗೂ ಗೊಂದಲ ಇಲ್ಲ. ಅಜ್ಜನ ಕೇಪಿನ ಕೋವಿಗೆ ನಳಿಗೆಯ ಬಾಯಿಂದ ಹಾಕಿ ಗಜದಿಂದ ಜಡಿಯುತ್ತಿದ್ದದ್ದು ಅದನ್ನೇ.

ಇನ್ನು ‘ಸ್ಫೋಟಕ’. ರೈಫಲ್ ಮದ್ದು ಕೋವಿಯೊಳಗೆ ಸಿಡಿಯಬಾರದು, ಉರಿಯಬೇಕು. ಸಿಡಿದರೆ ಕೋವಿಯೂ ಹೋಯಿತು, ಮುಖವೂ ಹೋಯಿತು. ಆದ್ದರಿಂದ ‘ಸಿಡಿಮದ್ದು’ ಕೂಡ ಬೇಡ. ಸ್ಲೋ, ಫಾಸ್ಟ್ ಅನ್ನುವುದು ಆ ಉರಿಯ ಮಾತು, ಗುಂಡಿನ ವೇಗದ ಮಾತಲ್ಲ. ಒಣ ಮಡಲು ಭಗ್ಗನೆ ಉರಿದು ಮುಗಿಯುತ್ತದೆ, ಗೆರಟೆ ನಿಂತು ಉರಿಯುತ್ತದೆ. ಮ್ಯಾಗ್ನಂ ತೋಟೆಯ ಹೊಟ್ಟೆ ದೊಡ್ಡದು, ನಳಿಗೆಯ ತೂತು ಸಣ್ಣದು. ಅಲ್ಲಿಗೆ ಪಿಸ್ತೂಲಿನ ಚುರುಕು ಮದ್ದು ತುಂಬಿದರೆ ಗುಂಡು ಮುಂದೆ ಸರಿಯುವ ಮೊದಲೇ ಒತ್ತಡ ಮಿತಿ ಮೀರುತ್ತದೆ. ನಿಂತು ಉರಿಯುವ ಮದ್ದು ಗುಂಡು ನಳಿಗೆಯಲ್ಲಿ ಓಡುತ್ತಿದ್ದ ಹಾಗೆ ಹಿಂದಿನಿಂದ ತಳ್ಳುತ್ತಲೇ ಇರುತ್ತದೆ. ‘ನಿಂತು’ ಅಂದರೂ ಎಲ್ಲ ಮುಗಿಯುವುದು ಒಂದೆರಡು ಮಿಲಿಸೆಕೆಂಡಿನಲ್ಲಿ, ಅದು ಬೇರೆ ವಿಷಯ.

ಆದ್ದರಿಂದ ‘ಮಂದ ಉರಿಯ ಮದ್ದು’, ‘ಚುರುಕು ಉರಿಯ ಮದ್ದು’. ಅಡಿಗೆಮನೆಯಲ್ಲಿ ದಿನಾ ಹೇಳುವ ಮಾತೇ. ‘ಬರ್ನ್ ರೇಟ್’ಗೆ ‘ಉರಿವೇಗ’ ಸಾಕು.

4831ರ ಅಕ್ಷರ ಖಂಡಿತ ತೆಗೆಯಬೇಡಿ. ಎರಡೂ ಮಂದ ಉರಿಯವೇ, ಆದರೆ ಒಂದೇ ಅಲ್ಲ. ಎಚ್4831 ಅಂತ ಮೊದಲು ಮಾರಾಟವಾದದ್ದು ಎರಡನೇ ಮಹಾಯುದ್ಧದಲ್ಲಿ 20 ಮಿಲಿಮೀಟರ್ ಫಿರಂಗಿಗೆ ಮಾಡಿ ಮಿಕ್ಕಿದ ಮದ್ದು. ಐಎಂಆರ್ 4831 ಆಮೇಲೆ ಬಂತು, ಅದರ ಉರಿ ಸ್ವಲ್ಪ ಚುರುಕು. ಒಂದಕ್ಕೆ ಹೇಳಿದ ಅಳತೆಯನ್ನು ಇನ್ನೊಂದಕ್ಕೆ ಹಾಕಿದರೆ ಅಪಾಯ. ಚೆಂದ ಬೇಕಾದರೆ ಪುಟದ ಅಂಚಿಗೆ ಹೂಬಳ್ಳಿ ಹಾಕಿಸಿ.

ಕುಂಬಳೆಯಿಂದ:

‘ತೋಟೆ’ಗೂ ಒಂದು ವಿವರಣೆ ಕೊಡಿ. ನಮ್ಮ ಹೊಳೆ ಬದಿಯಲ್ಲಿ ತೋಟೆ ಅಂದರೆ ನೀರಿಗೆ ಎಸೆದು ಮೀನು ಕೊಲ್ಲುವ ಸಾಮಾನು. ‘ಕಾಡತೂಸು’ ಅನ್ನಬಹುದಲ್ವಾ? ಮದ್ದಿನ ಬದಲು ‘ಬೆಡಿಮದ್ದು’ (ಬೆಡಿ ಅಂದರೆ ಕೋವಿ, ಪಟಾಕಿ) ಅಂದರೂ ಆದೀತು, ಔಷಧ ಅಂತ ಯಾರೂ ತಿಳಿಯುವುದಿಲ್ಲ.

ಮಂಜೇಶ್ವರದವರು, ಈಗ ಬೆಂಗಳೂರಿನಿಂದ:

ಕಾಡತೂಸು ಪೋರ್ಚುಗೀಸ್. ಬೆಡಿ ಮಲಯಾಳದ ‘ವೆಡಿ’. ಬೋರ್ಡಿನಲ್ಲಿ ಕನ್ನಡ ಹೋಯಿತು ಅಂತ ಕೂಗುವವರೇ ಬಾಯಲ್ಲಿ ಮಲಯಾಳ ತುಂಬಿಕೊಳ್ಳುತ್ತೀರಿ.

ಕುಂಬಳೆಯಿಂದ:

ವೇಲಿ ಬೇಲಿ ಆಗಿದೆ, ವೇರ್ ಬೇರು ಆಗಿದೆ. ವೆಡಿ ಬೆಡಿ ಆದರೆ ಮಾತ್ರ ಸಾಲವಾ? ತುಳುವಿನಲ್ಲಿ ಬೆಡಿ ಇದೆ, ಹವ್ಯಕರ ಮನೆಮಾತಿನಲ್ಲಿ ಇದೆ. ಕುಂಬಳೆ ಜಾತ್ರೆಯ ಬೆಡಿ ನೋಡಲಿಕ್ಕೆ ಬರುವವರು ಮಲಯಾಳ ಕಲಿತು ಬರುವುದಲ್ಲ. ಸಾಲದ ಪದ ತೆಗೆಯಬೇಕಾದರೆ ಮೊದಲು ‘ಬಂದೂಕು’ ತೆಗೆಯಿರಿ, ಅದು ಅರಬ್ಬಿಯಿಂದ ಬಂದದ್ದು. ‘ತುಪಾಕಿ’ ತುರ್ಕಿಯದು. ಸಾಮಾನೇ ಹೊರಗಿಂದ ಬಂದದ್ದು ಮಾರಾಯ್ರೇ, ಹೆಸರನ್ನು ಮಾತ್ರ ಗಡಿಯಲ್ಲಿ ನಿಲ್ಲಿಸುತ್ತೀರಾ?

ಕಾಸರಗೋಡಿನಿಂದ:

ಬೇಕಲ ಕೋಟೆಯೊಳಗಿನ ‘ಮದ್ದಿನ ಮನೆ’ಗೆ ‘ಬೆಡಿಮದ್ದಿನ ಮನೆ’ ಅಂತ ಹೊಸ ಬೋರ್ಡು ಹಾಕಿಸುವ ಯೋಚನೆ ಇದೆಯೋ?

ತಾಳವಾಡಿಯಿಂದ:

ನಮ್ಮ ಕಡೆ ತಮಿಳು ಬೋರ್ಡಿನಲ್ಲಿ ‘ವೆಡಿಮರುಂದು’ ಅಂತ ಬರೆದಿರುತ್ತಾರೆ, ಮನೆಯಲ್ಲಿ ಕನ್ನಡದಲ್ಲಿ ‘ಮದ್ದು’ ಅನ್ನುತ್ತೇವೆ. ಜಗಳ ಏನೂ ಇಲ್ಲ. ನೀಲಗಿರಿಯ ಅರುವಂಕಾಡಿನಲ್ಲಿ ಮದ್ದಿನ ಕಾರ್ಖಾನೆ ಇದೆ. ಅದನ್ನು ಎಲ್ಲರೂ ಕಾರ್ಡೈಟ್ ಫ್ಯಾಕ್ಟರಿ ಅಂತಲೇ ಕರೆಯುವುದು. ಕಾರ್ಡೈಟ್ ಅಂದರೆ ಹುರಿಯ ಹಾಗೆ ಉದ್ದ ಎಳೆದ ಮದ್ದು, ಹೆಸರು ಬಂದದ್ದೇ ಹಾಗೆ. ಅದಕ್ಕೆ ‘ಹುರಿಮದ್ದು’ ಅಂತ ಯಾರೂ ಕನ್ನಡ ಮಾಡಲಿಲ್ಲ, ಕೆಲಸವೂ ನಿಲ್ಲಲಿಲ್ಲ. ‘ಮ್ಯಾಗ್ನಂ’ ಕೂಡ ಹಾಗೇ ಇರಲಿ. ಅದು ಲ್ಯಾಟಿನ್ ಪದ, ದೊಡ್ಡ ವೈನ್ ಬಾಟಲಿಯ ಹೆಸರಾಗಿ ಆಮೇಲೆ ತೋಟೆಗೆ ಅಂಟಿತು.

ಪೆರ್ಲದಿಂದ:

ಎಲ್ಲರಿಗೂ ಥ್ಯಾಂಕ್ಸ್. ‘ಮಂದ ಉರಿಯ ಮದ್ದು’ ತೆಗೆದುಕೊಂಡೆ. ಮ್ಯಾಗ್ನಂ ಹಾಗೇ ಇರಲಿ. ಇನ್ನೊಂದೇ ಒಂದು. ‘180 ಗ್ರೇನ್’ ಗುಂಡು ಅಂತ ಇದೆ. ‘180 ಕಾಳು’ ಅನ್ನಬಹುದಾ?

ಮುಳ್ಳೇರಿಯದಿಂದ:

ದೇವರೇ, ಬೇಡ. ಇಲ್ಲಿ ಗ್ರೇನ್ ಅಂದರೆ ತೂಕ. 7000 ಗ್ರೇನ್ ಸೇರಿದರೆ ಒಂದು ಪೌಂಡ್. ಮದ್ದಿನ ತೂಕವೂ ಅದರಲ್ಲೇ. ‘ಕಾಳು’ ಅಂದರೆ ಓದಿದವರು ಮದ್ದಿನ ಚೂರು ಲೆಕ್ಕ ಮಾಡಲಿಕ್ಕೆ ಕೂತಾರು.

ಮಂಜೇಶ್ವರದವರು, ಈಗ ಬೆಂಗಳೂರಿನಿಂದ:

180 ಗ್ರೇನ್ ಅಂದರೆ ಸರಿಯಾಗಿ ಒಂದು ತೊಲ. ಹಾಗೇ ಬರೆಯಿರಿ. ಅಜ್ಜಿಯಂದಿರಿಗೂ ಗೊತ್ತಾಗುತ್ತದೆ.

ಮುಳ್ಳೇರಿಯದಿಂದ:

ಗುಂಡಿಗೆ ಸರಿ. ಆದರೆ ಮದ್ದನ್ನು ಒಂದು ಗ್ರೇನಿನ ಹತ್ತನೇ ಒಂದು ಪಾಲಿನವರೆಗೆ ತೂಗುತ್ತಾರೆ. ಒಂದೇ ಲೇಖನದಲ್ಲಿ ಗುಂಡಿಗೆ ತೊಲ, ಮದ್ದಿಗೆ ಗ್ರೇನ್ ಬೇಡ. ‘ಗ್ರೇನ್’ ಅಂತಲೇ ಬಿಡಿ. ಮೊದಲ ಸಲ ಬಂದಾಗ ‘ಸುಮಾರು 65 ಮಿಲಿಗ್ರಾಂ’ ಅಂತ ಸೇರಿಸಿ. ಹ್ಯಾಂಡ್‌ಲೋಡಿಂಗಿಗೆ ‘ತೋಟೆ ತುಂಬುವುದು’ ಸಾಕು, ‘ಕೈ’ ಬೇಕಾಗಿಲ್ಲ. ಅಜ್ಜ ಖಾಲಿ ಹಿತ್ತಾಳೆ ತೋಟೆಗೆ ಹೊಸ ಕೇಪು ಕೂರಿಸಿ, ಮದ್ದು ಹಾಕಿ, ರಟ್ಟು ಒತ್ತಿ, ಚರೆ ಸುರಿಯುವಾಗ ಹೇಳುತ್ತಿದ್ದದ್ದು ಅದನ್ನೇ.

ಲೈಸೆನ್ಸ್ ಇಲ್ಲದೆ ನಮ್ಮಲ್ಲಿ ಹೀಗೆ ತುಂಬುವ ಹಾಗಿಲ್ಲ ಅಂತಲೂ ಒಂದು ಸಾಲು ಹಾಕಿ. ಹಂದಿ ಕಾಟಕ್ಕೆ ಪಂಚಾಯತ್ ಅನುಮತಿ ಸಿಕ್ಕರೂ ಹೊಡೆಯಬೇಕಾದದ್ದು ಲೈಸೆನ್ಸ್ ಕೋವಿ ಇದ್ದವರೇ.

ಮಂಜೇಶ್ವರದವರು, ಈಗ ಬೆಂಗಳೂರಿನಿಂದ:

‘ಲೈಸೆನ್ಸ್’ಗೆ ‘ಪರವಾನಗಿ’ ಅನ್ನಿ.

ಬದಿಯಡ್ಕದಿಂದ:

ಅದು ಪಾರ್ಸಿ.